ದೋಸೆ ಸಟ್ಟುಗದ ಗಾಳ

ಅಣ್ಣನಿಗೆ ಬೆಂಡು ಕಾಣಿಸದಾಗಿ ಎರಡು ವರ್ಷವಾಗಿತ್ತು. ಗಾಳದ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಮುಳುಗಿದರೆ ಮೀನು ಕಚ್ಚಿತೆಂದು ಲೆಕ್ಕ. ಕಣ್ಣಿನ ಒತ್ತಡದ ಕಾಯಿಲೆ ಅವನಿಗೆ ಬೆಳಕು, ನೆರಳು ಎರಡನ್ನೇ ಉಳಿಸಿತ್ತು. ತೋಟದ ಕೆರೆಗೆ ಹೋಗುವುದನ್ನು ಬಿಟ್ಟ. ಸೋಮವಾರಪೇಟೆ ಸಂತೆಗೂ ಬರುತ್ತಿರಲಿಲ್ಲ. ಅಂಗಳದ ಬೆಂಚಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಕೇಳುತ್ತಿದ್ದನೋ ಇಲ್ಲವೋ, ಸ್ಟೇಷನ್ ಸರಿದು ಗೊರಗೊರ ಎಂದರೂ ತಿರುಗಿಸುತ್ತಿರಲಿಲ್ಲ.

ಒಂದು ಸಂಜೆ ಫೋನಿನಲ್ಲಿ ವಿಡಿಯೋ ನೋಡಿದೆ. ಸೀಸದ ತಲೆಯ ಗಾಳ, ಅದರ ಮುಂದೆ ಪುಟ್ಟದೊಂದು ತಗಡು. ದಾರ ಸುತ್ತಿದಾಗ ನೀರು ಬಡಿದು ತಗಡು ಎಡಕ್ಕೂ ಬಲಕ್ಕೂ ಅದುರುತ್ತದೆ, ಆ ನಡುಕ ದಾರ ಹತ್ತಿ ಕೈಗೆ ಬರುತ್ತದಂತೆ. ನಡುಕ ನಿಂತರೆ ಮೀನು ಬಾಯಿ ಹಾಕಿದೆ. ಬ್ಲೇಡ್ ಜಿಗ್ ಅನ್ನುತ್ತಾರೆ. ನೋಡಬೇಕಾದ್ದು ಏನೂ ಇಲ್ಲ. ಕೊಂಡು ತರಬಹುದಿತ್ತು. ಆದರೆ ನಮ್ಮ ಕೆರೆಯ ತಳದಲ್ಲೆಲ್ಲ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರದ ಬೇರು. ದಿನಕ್ಕೆರಡು ಗಾಳ ಸಿಕ್ಕಿಕೊಂಡು ಹೋದರೂ ಬೇಸರವಾಗಬಾರದು. ಮನೆಯಲ್ಲೇ ಮಾಡಿ, ಆಮೇಲೆ ಅಣ್ಣನಿಗೆ ಹೇಳೋಣ ಅಂದುಕೊಂಡೆ.

ಅವನದೇ ಹರಿದ ಬೀಸುಬಲೆಯ ಅಂಚಿನಿಂದ ಸೀಸದ ಗುಂಡು ಬಿಡಿಸಿದೆ. ಪ್ಲಾಸ್ಟರಿನಲ್ಲಿ ಎರಡು ಹೋಳಿನ ಅಚ್ಚು ಮಾಡಿ, ಒಲೆಯ ಮೇಲಿನ ಅಟ್ಟದಲ್ಲಿ ಎಂಟು ದಿನ ಒಣಗಿಸಿದೆ. ಹಸಿ ಅಚ್ಚಿಗೆ ಕಾದ ಸೀಸ ಬಿದ್ದರೆ ಮುಖಕ್ಕೇ ಸಿಡಿಯುತ್ತದೆ. ಅಂಗಳದಾಚೆ ಗಾಳಿ ಬೆನ್ನಿಗೆ ಬರುವ ಹಾಗೆ ಕೂತು, ಅಚ್ಚಿನೊಳಗೆ ಕೊಕ್ಕೆಯಿಟ್ಟು ಸೀಸ ಎರೆದೆ. ಹಳೆಯ ರಬ್ಬರ್ ಕೈಗವಸನ್ನು ಎಳೆಎಳೆಯಾಗಿ ಕತ್ತರಿಸಿ ಸೀಸದ ಕುತ್ತಿಗೆಗೆ ಲಂಗದ ಹಾಗೆ ಕಟ್ಟಿದೆ. ಉಳಿದದ್ದು ತಗಡು.

ಇಲ್ಲಿ ನಾನು ಜಾಣನಾಗಲು ಹೋದೆ. ತಗಡಿಗೆ ಎರಡು ತೂತು ಬೇಕು, ಹಿಂದಿನದಕ್ಕೆ ಗಾಳ, ಮುಂದಿನದಕ್ಕೆ ದಾರ. ನನ್ನ ಬಳಿ ಡ್ರಿಲ್ ಇಲ್ಲ. ಕಡುಬು ಬೇಯಿಸುವ ಪಾತ್ರೆಯೊಳಗಿನ ಅಲ್ಯೂಮಿನಿಯಂ ತಟ್ಟೆಯಲ್ಲಾದರೆ ತೂತುಗಳು ಸಾಲಾಗಿ ಸಿದ್ಧವಾಗಿದ್ದವು. ಹಳೆಯದಿರಬೇಕೆಂದು ಆರು ತುಂಡು ಕತ್ತರಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪು ಕೊಟ್ಟೆ. ಮನೆಯಲ್ಲಿದ್ದದ್ದು ಅದೊಂದೇ ಎಂದು ಗೊತ್ತಾದದ್ದು ಭಾನುವಾರ, ಹೆಂಡತಿ ಉಂಡೆ ಕಟ್ಟಿಟ್ಟು ಪಾತ್ರೆ ತೆಗೆದಾಗ.

"ತಟ್ಟೆ ಎಲ್ಲಿ?"

ಜೇಬಿನಿಂದ ಒಂದು ತಗಡು ತೆಗೆದು ತೋರಿಸಿದೆ.

"ಮೀನಿಗೆ ಕಡುಬು ಮಾಡಿ ಹಾಕ್ತೀರಾ? ಹಂಗಾದ್ರೆ ಈ ಉಂಡೇನೂ ನಿಮ್ಮ ಜೇಬಲ್ಲೇ ಇಟ್ಟು ಬೇಯ್ಸಿ."

ಅಂಗಳದಿಂದ ಅಣ್ಣ ಕೂಗಿದ: "ಏನೋ ಅದು? ಕೊಡಿಲ್ಲಿ."

ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ. ಅವನು ತಗಡನ್ನು ಎರಡು ಬೆರಳಲ್ಲಿ ಒತ್ತಿದ, ಮಡಚಿಕೊಂಡಿತು.

"ಇದು ಹಪ್ಪಳ ಕಣೋ. ತೂತೂ ನಡುವಿಗಿಲ್ಲ, ಒಂದ್ ಕಡೆ ವಾಲಿದೆ. ಹೊಳಪು ನೋಡ್ದೆ, ಕೈಯಾಡ್ಸಿ ನೋಡ್ಲಿಲ್ಲ." ಮಡಚಿದ ತಗಡನ್ನು ಬಿಡಿಸುತ್ತಾ, "ನಡುಕ ಕೈಗೆ ಬರ್ತದೆ ಅಂತೀಯಾ?"

"ವಿಡಿಯೋದಲ್ಲಿ ಹಂಗಂದ್ರು."

"ವಿಡಿಯೋದೋರಿಗೆ ಕಣ್ಣಿದೆ" ಎಂದ.

ಹೆಂಡತಿ ಒಳಗೆ ಹೋಗಿ, ಹಿಡಿ ಕಳಚಿದ್ದ ಸ್ಟೀಲಿನ ದೋಸೆ ಸಟ್ಟುಗ ತಂದಳು. "ಬಾವ, ಇದು ನೋಡಿ. ಎಷ್ಟು ಕೆರೆದ್ರೂ ಬಗ್ಗಿದ್ದಿಲ್ಲ."

ಅಣ್ಣ ಉಗುರಿನಿಂದ ಮೀಟಿದ. ಟಣ್ ಎಂದಿತು. "ಇದು ಸರಿ, ತಂಗಿ. ನಿನ್ ಗಂಡನಿಗಿಂತ ನಿಂಗೆ ಗೊತ್ತು."

ಆ ದಿನ ಕಡುಬು ಬೆಂದದ್ದು ಪಾತ್ರೆಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ.

ಮುಂದಿನ ಎರಡು ಸಂಜೆ ರೇಡಿಯೋ ಹಚ್ಚಲಿಲ್ಲ. ನಾನು ಕತ್ತರಿಸಿಕೊಟ್ಟ ತುಂಡುಗಳ ಅಂಚನ್ನು ಅಣ್ಣ ಅರದಿಂದ ಉಜ್ಜಿ ನಯ ಮಾಡಿದ. ಒಂದೊಂದನ್ನೂ ಚಾಕುವಿನ ಬೆನ್ನಿನ ಮೇಲೆ ತೂಗಿ, ವಾಲದೆ ನಿಂತ ಗೆರೆಯಲ್ಲಿ ಮೊಳೆಯಿಂದ ಗುರುತು ಹಾಕಿದ. ತೋಟಕ್ಕೆ ಔಷಧಿ ಹೊಡೆಯುವ ಮೋಟಾರು ಸ್ಪ್ರೇ ಪಂಪುಗಳ ರಿಪೇರಿಯವನು ಗುರುತಿದ್ದಲ್ಲೇ ತೂತು ಕೊರೆದುಕೊಟ್ಟ.

ಬುಧವಾರ ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಕೆರೆಗೆ ಬಂದ. ಸಟ್ಟುಗದ ತಗಡು ಸೇರಿಸಿದ ಗಾಳವನ್ನು ರಾಡಿನಿಂದ ಮೊದಲ ಸಲ ಎಸೆದು ದಾರ ಸುತ್ತಿದ.

"ಏನೂ ಇಲ್ಲ."

ಎರಡನೆಯ ಸಲವೂ ಅಷ್ಟೇ. ಅವನು ರಾಡನ್ನು ನನ್ನತ್ತ ಚಾಚಿದ. ನಾನು ಕೈ ನೀಡಲಿಲ್ಲ. "ಸ್ವಲ್ಪ ಜೋರಾಗಿ ಸುತ್ತಣ್ಣ" ಎಂದೆ. ಮೂರನೆಯ ಸಲ ನಡುವಿನಲ್ಲೇ ಅವನ ಕುತ್ತಿಗೆ ನೆಟ್ಟಗಾಯಿತು.

"ಲೋ, ಬಂತು. ಸ್ಪ್ರೇ ಪಂಪಿನ ಹಿಡಿ ಹಿಡ್ದಂಗದೆ."

ಆಮೇಲೆ ಅವನೇ ಕೆರೆಯನ್ನು ನನಗೆ ಹೇಳತೊಡಗಿದ. ಇಲ್ಲಿ ಕೆಸರು. ಇದು ಹುಲ್ಲು. ಈಗ ಕಲ್ಲಿನ ಮೇಲೆ ಬಂತು. ಹೇಳುತ್ತಿದ್ದವನು ತಟ್ಟನೆ ರಾಡನ್ನು ಮೇಲೆತ್ತಿದ.

"ಬೇರಿರಬೇಕು" ಎಂದೆ.

"ಬೇರು ತಲೆ ಅಲ್ಲಾಡ್ಸಲ್ಲ ಕಣೋ!"

ಹಾವಿನಂಥ ತಲೆಯ ಕುಚ್ಚು ಮೀನು, ಮೊಣಕೈಯಷ್ಟು ಉದ್ದ. ದಡದ ಹುಲ್ಲಿನವರೆಗೆ ಬಂದು, ನಾನು ಬಗ್ಗಿದ್ದೇ ತಡ, ಕೊಡವಿಕೊಂಡು ನೀರಿಗೆ ಹೋಯಿತು. ಅಣ್ಣ ಜೋರಾಗಿ ನಕ್ಕ. "ಕಣ್ಣಿರೋನು ಮಾಡೋ ಕೆಲ್ಸ ನೋಡು!" ತಗಡನ್ನು ಬೆರಳಲ್ಲಿ ತಡವಿ ನೋಡಿದ. ಬಗ್ಗಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ತಂದರೆ ಬೆಂಚಿನ ಮೇಲೆ ರೇಡಿಯೋ ಮಾತ್ರ ಇತ್ತು. ಗೋಡೆಯ ಮೇಲೆ ರಾಡು ಇರಲಿಲ್ಲ. ಸ್ಪ್ರಿಂಕ್ಲರ್ ಪೈಪು ಮನೆಯಿಂದ ಕೆರೆಯವರೆಗೆ ನೆಲದ ಮೇಲೇ ಹೋಗುತ್ತದೆ. ಅದಕ್ಕೆ ಕೋಲು ತಾಗಿಸಿಕೊಂಡು ಒಬ್ಬನೇ ಹೋಗಿದ್ದ. ಲೋಟ ತುಳುಕದ ಹಾಗೆ ಹಿಡಿದು ನಾನೂ ಪೈಪಿನ ಪಕ್ಕದಲ್ಲೇ ನಡೆದೆ.