ಎಲೆಯ ಎಡತುದಿ

ಜಲಜಕ್ಕ ನಮ್ಮ ಅಪ್ಪನ ಬಲಗಡೆ ನಿಂತದ್ದನ್ನು ನಾನು ನೋಡಿಯೇ ಇಲ್ಲ. ಮಾತ್ರೆ ಕೊಡುವುದು, ಮುಖ ಒರೆಸುವುದು, ಬೈಸಿಕೊಳ್ಳುವುದು, ಎಲ್ಲವೂ ಎಡಗಡೆಯಿಂದಲೇ. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು ಬಲ್ಮಠದ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದ ಹೋಮ್ ನರ್ಸ್ ಅವರು. ಮಧ್ಯಾಹ್ನ ತಮ್ಮ ಬುತ್ತಿ ಬಿಚ್ಚುವುದೂ ಅಪ್ಪನ ಎಡಕ್ಕಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೇ.

ಅಪ್ಪ ಪಣಂಬೂರಿನಲ್ಲಿ ಮೂವತ್ತು ವರ್ಷ ಊಟದ ಹೋಟೆಲು ನಡೆಸಿದವರು. ಎದುರಿಗೆ ಬಂದವರನ್ನೆಲ್ಲ "ವಣಸ್ ಆಂಡಾ?" ಎಂದು ಕೇಳುವುದು ಅವರ ಅಭ್ಯಾಸ, ಊಟವಾಯಿತೇ ಎಂದು, ತುಳುವಿನಲ್ಲಿ. ಪೋಸ್ಟ್‌ಮ್ಯಾನನ್ನೂ ಬಿಡುತ್ತಿರಲಿಲ್ಲ. ಸ್ಟ್ರೋಕ್ ಆದಾಗ ಮಾತು ಉಳಿಯಿತು, ಎಡಗೈ ಎಡಗಾಲು ಸೋತವು. ಅದಕ್ಕಿಂತ ವಿಚಿತ್ರವೆಂದರೆ, ಎಡಗಡೆ ಎಂಬುದೊಂದು ಇದೆ ಎನ್ನುವುದೇ ಅವರ ತಲೆಯಿಂದ ಅಳಿಸಿಹೋಗಿತ್ತು. ಕಣ್ಣು ಸರಿಯಾಗಿತ್ತು, ಮಿದುಳು ಆ ಕಡೆ ಗಮನ ಕೊಡುತ್ತಿರಲಿಲ್ಲ. ಅರ್ಧ ಮುಖಕ್ಕೆ ಮಾತ್ರ ಕ್ಷೌರ, ತಟ್ಟೆಯ ಅರ್ಧ ಮಾತ್ರ ಊಟ. ಜಲಜಕ್ಕ ಬರುವ ಮೊದಲು ಒಮ್ಮೆ ನಾನು ಗಾಲಿಕುರ್ಚಿ ತಳ್ಳುವಾಗ ಅವರ ಎಡಗೈ ಬಾಗಿಲಿನ ಚೌಕಟ್ಟಿಗೆ ತಾಗಿ ಚರ್ಮ ಸುಲಿಯಿತು. "ಇದು ಯಾರ ರಕ್ತ?" ಎಂದು ಕೇಳಿದರು ಅಪ್ಪ. ನಾನು ಬಚ್ಚಲಿಗೆ ಹೋಗಿ ಅತ್ತೆ.

ಬಂದ ಎರಡನೇ ವಾರ ಜಲಜಕ್ಕ ತಟ್ಟೆಯನ್ನು ಒಳಗಿಟ್ಟು ಬಾಳೆಎಲೆ ಹಾಕಿದರು. ಕ್ರಮದಂತೆ ಎಲೆಯ ಕೊಡಿ, ಅಂದರೆ ತುದಿ, ಎಡಕ್ಕೆ. ಅಲ್ಲೇ ಉಪ್ಪು, ಉಪ್ಪಿನಕಾಯಿ. ಅಪ್ಪ ಬಲಭಾಗದ ಅನ್ನ ಕಲಸಿ ಒಂದು ತುತ್ತು ತಿಂದು ಸಿಡಿಮಿಡಿಗೊಂಡರು.

"ಉಪ್ಪಿನಕಾಯಿ ಎಲ್ಲಿ? ಬಡಿಸುವ ಕ್ರಮ ಗೊತ್ತಿಲ್ವಾ ನಿಮಗೆ?"

"ಕೊಡಿ ಎಲ್ಲುಂಟು ಶೆಟ್ರೇ?" ಎಂದರು ಜಲಜಕ್ಕ.

ಅಪ್ಪ ಆ ಧ್ವನಿಯನ್ನೂ ಬಲಗಡೆಯೇ ಹುಡುಕಿದರು. "ಕೊಡಿ ಇಲ್ಲ. ತುಂಡು ಎಲೆ ಹಾಕಿದ್ದೀರಿ."

"ಶೆಟ್ರಿಗೆ ತುಂಡು ಎಲೆ ಹಾಕ್ತೇನಾ ಮಾರಾಯ್ರೆ? ಅಂಚು ಹಿಡ್ಕೊಂಡು ಹೋಗಿ."

ಹೋಗಲಿಲ್ಲ. ಹಠ ಮಾಡಿ ಅರ್ಧ ಊಟ ಬಿಟ್ಟರು. ಮರುದಿನವೂ ಅದೇ ಕಥೆ. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಜಲಜಕ್ಕ ನೀರು ತರಲು ಹೋದಾಗ ಉಪ್ಪಿನಕಾಯಿಯನ್ನು ಮೆಲ್ಲಗೆ ಬಲಕ್ಕೆ ಸರಿಸಿದೆ. ಅಪ್ಪ ಖುಷಿಯಾಗಿ ಉಂಡರು. ಜಲಜಕ್ಕ ಎಲೆ ನೋಡಿದರು, ನನ್ನನ್ನು ನೋಡಿದರು, ಅಡುಗೆಮನೆಗೆ ಕರೆದರು.

"ಎಂತ ಮಾಡಿದ್ದು ಟೀಚರ್?"

"ಪಾಪ, ಹಸಿದಿದ್ದರು."

"ಪಾಪ ಅಂತ ನೀವು ಎಲ್ಲ ಬಲಕ್ಕೇ ತಂದಿಟ್ರೆ ಅವರು ಎಡಕ್ಕೆ ಯಾಕೆ ತಿರುಗ್ತಾರೆ? ನಾಳೆ ನಡೀಲಿಕ್ಕೆ ಶುರು ಮಾಡಿದ ಮೇಲೆ ಬಸ್ಸು ಬಲದಿಂದ ಮಾತ್ರ ಬರ್ತದಾ?"

ಶಾಲೆಯಲ್ಲಿ ನಲವತ್ತು ಮಕ್ಕಳ ಬಾಯಿ ಮುಚ್ಚಿಸುವ ನನಗೇ ಪಾಠ. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಅದರ ಮುಂದಿನ ವಾರ ಅಪ್ಪನ ಬಲಗೈ ಎಲೆಯ ಅಂಚು ತಡವುತ್ತ ಹೊರಟಿತು. ನಡುವೆ ಎರಡು ಸಲ ನಿಂತಿತು. ಬೆರಳು ಕೊಡಿಯನ್ನು ಮುಟ್ಟಿದಾಗ ಕುತ್ತಿಗೆಯೂ ಅದರ ಹಿಂದೆಯೇ ತಿರುಗಿತು. "ಇಲ್ಲೇ ಉಂಟಲ್ಲ!" ಎಂದರು, ನಾವೇ ಅಡಗಿಸಿ ಇಟ್ಟಿದ್ದೆವು ಎಂಬಂತೆ. ಆಮೇಲೆ ಎಡದಿಂದ ಕರೆದರೂ ತಿರುಗತೊಡಗಿದರು. ನಾನು ಹಿಗ್ಗಿದರೆ ಜಲಜಕ್ಕನಿಗೆ ಸಮಾಧಾನವಿಲ್ಲ. "ಕರೆದಾಗ ತಿರುಗುವುದು ದೊಡ್ಡದಲ್ಲ ಟೀಚರ್. ಯಾರೂ ಕರೆಯದೆ ತಿರುಗಬೇಕು. ಅದು ಇನ್ನೂ ಆಗ್ಲಿಲ್ಲ."

ಆರು ತಿಂಗಳು ಕಳೆದು ಅಪ್ಪ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದಾಗ ಜಲಜಕ್ಕನಿಗೆ ಬೇರೆ ಮನೆಯಲ್ಲಿ ಕೆಲಸ ಗೊತ್ತಾಯಿತು. ಅಲ್ಲಿ ಪಾರ್ಕಿನ್ಸನ್ ಆಗಿ ಕೈ ನಡುಗುವ ಅಜ್ಜಿಯೊಬ್ಬರಿದ್ದರು. ಹೊರಡುವಾಗ "ಸ್ಟೂಲು ತೆಗೀಬೇಡಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ಮರುದಿನ ಎಲೆ ಹಾಕಿದವಳು ನಾನು. ಅಪ್ಪ ಅಂಚು ತಡವಿ, ಉಪ್ಪಿನಕಾಯಿ ತೆಗೆದುಕೊಂಡು, ಕೈಯನ್ನು ಅಲ್ಲೇ ನಿಲ್ಲಿಸಿದರು. ಯಾರೂ ಕರೆದಿರಲಿಲ್ಲ. ಕುತ್ತಿಗೆ ಇನ್ನಷ್ಟು ಎಡಕ್ಕೆ ತಿರುಗಿಸಿ, ಖಾಲಿ ಸ್ಟೂಲನ್ನು ಬಹಳ ಹೊತ್ತು ನೋಡಿದರು.

"ಜಲಜನ ವಣಸ್ ಆಂಡಾ?"

ಅಷ್ಟು ತಿಂಗಳು ಪಕ್ಕದಲ್ಲೇ ಬುತ್ತಿ ಉಂಡವರನ್ನು ಅಪ್ಪ ಒಂದು ದಿನವೂ ಹಾಗೆ ಕೇಳಿರಲಿಲ್ಲ. ನಾನು ಅಲ್ಲಿಂದಲೇ ಫೋನು ಮಾಡಿ, ಅಪ್ಪ ಕೇಳಿದ್ದನ್ನು ಹಾಗೆಯೇ ಹೇಳಿದೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು.

"ಆಯ್ತು ಅಂತ ಹೇಳಿ ಟೀಚರ್," ಎಂದರು ಜಲಜಕ್ಕ. "ಎಡಗಡೆ ನಿಂತು ಹೇಳಿ."