ಬೋಣಿಗೆ ಬಂದ ಬೆಕ್ಕು

ನನಗೆ ಬೆಕ್ಕುಗಳ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಚಿತ್ತಾಪುರದ ನಮ್ಮ ಓಣಿಯಲ್ಲಿ ಈ ಮಾತನ್ನು ನಂಬುವವರು ಈಗ ಯಾರೂ ಉಳಿದಿಲ್ಲ. ನೀವಾದರೂ ನಂಬಿ. ಬೆಕ್ಕು ಸಾಕಿದವರ ಮನೆಗೆ ಹೋದರೆ ಸೀರೆಯ ನೆರಿಗೆ ಎತ್ತಿ ಹಿಡಿದು, ಕುರ್ಚಿಯ ತುದಿಯಲ್ಲಿ ಕೂತು, ಚಹಾ ಕುಡಿದ ತಕ್ಷಣ ಎದ್ದು ಬರುವವಳು ನಾನು.

ಆ ಮರಿ ಸಿಕ್ಕಿದ್ದು ನಮ್ಮ ಗೇಟಿನ ಪಕ್ಕ, ಅಂಗಳಕ್ಕೆ ಹಾಸಲೆಂದು ತರಿಸಿ ಒರಗಿಸಿಟ್ಟಿದ್ದ ಶಹಾಬಾದ್ ಕಲ್ಲುಗಳ ಸಂದಿಯಲ್ಲಿ. ಯಾವ ತಿಂಗಳು ಎಂದು ಖಚಿತವಾಗಿ ಹೇಳಲಾರೆ. ದಿನಚರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ಆ ವಾರದ ಪುಟಗಳು ಖಾಲಿ. ತೊಗರಿ ರಾಶಿಯ ಕಾಲ ಎಂಬುದಷ್ಟೇ ನೆನಪು. ಗಾಳಿಯಲ್ಲಿ ಹೊಟ್ಟು ಹಾರಿ ಊರಿನ ಎಲ್ಲರ ಕಣ್ಣೂ ಕೆಂಪಾಗಿದ್ದವು. ಮರಿಯ ಕಣ್ಣನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಕೆಂಪು ಎಂದರೆ ಬರಿ ಕೆಂಪಲ್ಲ. ಎರಡೂ ಕಣ್ಣುಗಳು ಕೀವು ಕಟ್ಟಿ ಅಂಟಿಕೊಂಡಿದ್ದವು. ಮೂಗು ಸೋರುತ್ತಿತ್ತು. ಬಾಯಿ ತೆರೆಯುತ್ತಿತ್ತು, ಆದರೆ ಕೂಗು ಹೊರಬರುತ್ತಿರಲಿಲ್ಲ. ತಾಯಿ ಎಲ್ಲೂ ಕಾಣಲಿಲ್ಲ.

ಎತ್ತಿಕೊಂಡೆ. ತಪ್ಪು ನಡೆದದ್ದು ಅಲ್ಲೇ. ನಮ್ಮೂರಲ್ಲಿ ಬಿದ್ದಿರುವ ಮರಿ ಯಾರ ಗಮನಕ್ಕೂ ಬರುವುದಿಲ್ಲ. ಅದನ್ನು ಎತ್ತಿಕೊಂಡವರು ಎಲ್ಲರ ಗಮನಕ್ಕೂ ಬರುತ್ತಾರೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಗುಂಡಮ್ಮ ಆಗಲೇ ಇಣುಕಿದ್ದಳು.

“ಯಾರ್ದವ್ವಾ ಅದು?”

“ಯಾರದೋ ಏನೋ ಅಕ್ಕಾ, ನಮ್ಮದಲ್ಲ.”

“ದೃಷ್ಟಿ ಆಗ್ಯದ ನೋಡು. ಜ್ವರದ ಗುಳಗಿ ಒಂದ್ ಚೂರು ಹಾಲಾಗ ಅರೆದು ಹಾಕು. ಹೊತ್ತ ಮುಣಗೂದ್ರಾಗ ಎದ್ದು ಓಡ್ಯಾಡ್ತದ.”

ದೃಷ್ಟಿ ತಾಗಿದ್ದಕ್ಕೆ ಜ್ವರದ ಗುಳಿಗೆ ಹೇಗೆ ಮದ್ದಾಗುತ್ತದೆ ಎಂದು ನಾನು ಕೇಳಲಿಲ್ಲ. ಗುಂಡಮ್ಮನ ವೈದ್ಯದಲ್ಲಿ ಎಲ್ಲ ಪದ್ಧತಿಗಳೂ ಜಗಳವಿಲ್ಲದೆ ಒಂದೇ ಡಬ್ಬಿಯಲ್ಲಿವೆ. ಪುಣ್ಯಕ್ಕೆ ನಮ್ಮ ಮನೆಯಲ್ಲಿ ಗುಳಿಗೆ ಮುಗಿದಿತ್ತು. ಮನುಷ್ಯರ ಆ ಗುಳಿಗೆ ಬೆಕ್ಕಿಗೆ ಅಪ್ಪಟ ವಿಷ ಎಂದು ಮರುದಿನ ಪಶುವೈದ್ಯರು ಹೇಳಿದರು. ಡಬ್ಬಿಯಲ್ಲಿ ಒಂದು ಉಳಿದಿದ್ದರೆ? ಎಂ.ಎ. ಓದಿದ ಇತಿಹಾಸದ ಅಧ್ಯಾಪಕಿಯಾದ ನಾನು ಅದನ್ನು ಅರೆದು ಹಾಕುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಆ ಸಂಜೆ ಕಲಬುರಗಿಯ ಒಂದು ಖಾಸಗಿ ಸಾಕುಪ್ರಾಣಿ ಕ್ಲಿನಿಕ್ಕಿಗೆ ಫೋನು ಮಾಡಿದೆ. ಎತ್ತಿಕೊಂಡ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು, “ಯಾವ ತಳಿ ಮೇಡಂ?” ಓಣಿಯದು ಎಂದೆ. ಆ ತಳಿಯ ಹೆಸರು ಅವಳು ಕೇಳಿರಲಿಲ್ಲ. ತಪಾಸಣೆ, ರಕ್ತಪರೀಕ್ಷೆ, ಬೇಕಾದರೆ ಎರಡು ದಿನ ಇಟ್ಟುಕೊಳ್ಳುವುದು, ಎಲ್ಲದರ ದರವನ್ನೂ ಹೇಳಿದಳು. ಅದಕ್ಕೆ ಕಾರಿನ ಬಾಡಿಗೆ ಸೇರಿಸಿದರೆ ಅಂಗಳಕ್ಕೆ ತರಿಸಿದ ಕಲ್ಲು ಅಗ್ಗವೆನಿಸಿತು. ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ. ಅಷ್ಟು ದುಡ್ಡು ಕೊಡಲಾಗದವರು ಮರಿಯನ್ನು ಎತ್ತಿಕೊಳ್ಳಲೇಬಾರದು ಎಂಬಂತೆ ಲೋಕ ಏರ್ಪಾಟಾಗಿದೆಯಲ್ಲ, ಅದರ ಮೇಲೆ. ಕರುಣೆ ಎಂಬುದು ಬಡವರ ಕೈಗೂ ಎಟುಕಬೇಕಾದ ವಸ್ತುವಲ್ಲವೇ? ಅದಕ್ಕೂ ಕಲಬುರಗಿಗೆ ಕಾರು ಮಾಡಿಕೊಂಡು ಹೋಗಬೇಕೆಂದರೆ ಹೇಗೆ?

ಸಮಾಧಾನಕ್ಕೆಂದು ಒಡಹುಟ್ಟಿದ ಅಕ್ಕನಿಗೆ ಫೋನು ಮಾಡಿದೆ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ ಬೆಳೆದವರು ನಾವು. “ನಮ್ಮ ಕಾಲದಲ್ಲಿ ಬೆಕ್ಕುಗಳಿಗೆ ರೋಗವೇ ಬರುತ್ತಿರಲಿಲ್ಲ ನೋಡು, ತಮ್ಮ ಪಾಡಿಗೆ ತಾವು ಗಟ್ಟಿಮುಟ್ಟಾಗಿ ಇರುತ್ತಿದ್ದವು” ಎಂದೆ. ಅಕ್ಕ ನಕ್ಕಳು.

“ಯಾರಂದ್ರ ನಿನಗ? ಸಾಯ್ತಿದ್ವು. ನೀ ಅಳ್ತಿ ಅಂತ ಅವ್ವ ನೀ ಏಳೂದ್ರಾಗ ಹೊಲಕ್ಕ ಒಯ್ದು ಹೂಳಿ ಬರ್ತಿದ್ಲು. ನಿನಗ, ಐನಾಪುರಕ್ಕ ಮಾಮಾನ ಮನಿಗಿ ಹೋಗ್ಯಾವ, ಅಲ್ಲಿ ಹಾಲು ಭಾಳ ಅದ ಅಂತ ಹೇಳ್ತಿದ್ಲು. ಖರೇ ಅನ್ಕೊಂಡು ಕುಂತಿಯಾ ಇಷ್ಟ ವರ್ಷ?”

ಕುಂತಿದ್ದೆ. ನನ್ನ ನೆನಪಿನ ಐನಾಪುರ ಇವತ್ತಿಗೂ ಬೆಕ್ಕುಗಳಿಂದ ತುಂಬಿದ ಊರು. ಮಾಮಾನ ಪಡಸಾಲೆಯಲ್ಲಿ ನಮ್ಮ ಕರಿಯ, ಕಂದ, ಪಟ್ಟೆಬಾಲದ್ದು ಎಲ್ಲ ಸಾಲಾಗಿ ಮಲಗಿದ್ದನ್ನು ಕಣ್ಣಾರೆ ಕಂಡ ನೆನಪಿದೆ. ಕಂಡಿರಲು ಸಾಧ್ಯವೇ ಇಲ್ಲ ಎಂದು ಈಗ ಗೊತ್ತಾಗಿದ್ದರೂ ಆ ಪಡಸಾಲೆ ಖಾಲಿಯಾಗುತ್ತಿಲ್ಲ. ಇಂಥ ತಲೆಯನ್ನು ಇಟ್ಟುಕೊಂಡು ನಾನು ಸೇಡಂನ ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ಇರಲಿ. ಒಂದಂತೂ ಆ ಸಂಜೆ ಗಟ್ಟಿಯಾಯಿತು: ಈ ಮರಿಯನ್ನು ಐನಾಪುರಕ್ಕೆ ಕಳಿಸಲು ನಾನು ತಯಾರಿರಲಿಲ್ಲ.

ಬೆಳಿಗ್ಗೆ ದಿನವೂ ಹತ್ತುವ ಸೇಡಂ ರೈಲು ಬಿಟ್ಟು, ಕಾಲೇಜಿಗೆ ರಜೆ ಹೇಳಿ, ಮರಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದೆ. ದವಾಖಾನೆಯ ಮುಂದೆ ಎಮ್ಮೆಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಅದರಲ್ಲಿ ಒಂದು ಎಮ್ಮೆ ನಿಂತಿತ್ತು. ಅದರ ಒಡೆಯ ನನ್ನ ಚೀಲದೊಳಗೆ ಇಣುಕಿ, ಮತ್ತೆ ನನ್ನ ಮುಖ ನೋಡಿ, ತನ್ನ ಎಮ್ಮೆಯನ್ನು ಹೆಮ್ಮೆಯಿಂದ ಚಪ್ಪರಿಸಿದ. ಅವನದೂ ನ್ಯಾಯವೇ. ಎಮ್ಮೆ ಹಾಲು ಕೊಡುತ್ತದೆ, ಎತ್ತು ಹೆಗಲು ಕೊಡುತ್ತದೆ, ಕೋಳಿ ಮೊಟ್ಟೆ ಕೊಡುತ್ತದೆ. ಕೊಡುವವರಿಗೆ ಸರಕಾರ ಔಷಧ ಕೊಡುತ್ತದೆ. ಬೆಕ್ಕು ಏನು ಕೊಡುತ್ತದೆ? ಇಲಿ ಹಿಡಿಯುತ್ತದೆ ಎನ್ನೋಣವೆಂದರೆ, ನನ್ನ ಚೀಲದಲ್ಲಿದ್ದದ್ದನ್ನು ಇಲಿಯೇ ಹಿಡಿದುಕೊಂಡು ಹೋಗುವಂತಿತ್ತು.

ಡಾಕ್ಟರು ಒಳ್ಳೆಯವರು, ಆದರೆ ಒಬ್ಬರೇ. ಕೈ ತೊಳೆದು ಬಂದು ಮೊದಲು ಕೇಳಿದ್ದು ಅದನ್ನೇ.

“ಯಾರ್ದರಿ ಇದು?”

“ಯಾರದೂ ಅಲ್ಲ ಡಾಕ್ಟ್ರೇ.”

“ಮತ್ತ ತಂದೋರ್ಯಾರು?”

“ನಾನೇ. ಆದರೆ ನನ್ನದಲ್ಲ.”

“ಹಂಗಾರ ಮಾಲಕರ ಹೆಸರು ಏನಂತ ಬರೀಲಿ? ಬೇವಾರಸಿ ಅಂತ ಬರೀಲೇನು?” ಎಂದು ನಗುತ್ತಲೇ ಮರಿಯ ರೆಪ್ಪೆಯನ್ನು ಉಪ್ಪುನೀರಿನ ಹತ್ತಿಯಿಂದ ಒರೆಸಿ ಬಿಡಿಸಿದರು. ನಗು ನಿಂತಿತು. “ಬಲಗಣ್ಣು ಉಳೀತದ. ಎಡದ್ದು ಇವತ್ತೇ ಔಷಧ ಶುರು ಮಾಡಿದ್ರ ಉಳೀಬಹುದು, ನಾಳಿಗಿ ನಾ ಹೇಳಂಗಿಲ್ಲ. ಔಷಧ ಅದ, ಖರ್ಚಿನ ಫಿಕರ್ ಬ್ಯಾಡ. ಆದ್ರ ಇದರ ತೂಕ ಬೇಕ್ರಿ ಮೇಡಂ. ಇಷ್ಟ ಸಣ್ಣದಕ್ಕ ಅಂದಾಜಿನ ಮ್ಯಾಲ ಕೊಟ್ರ ಔಷಧನೇ ಕೊಲ್ತದ.”

“ತೂಗಿ ಮತ್ತೆ.”

“ಯಾತರಾಗ? ಎಮ್ಮಿ ತೂಕ ನಾವು ಎದಿ ಸುತ್ತ ಟೇಪ್ ಹಿಡಿದು ಲೆಕ್ಕ ಹಾಕ್ತೀವಿ. ಇದಕ್ಕ ಟೇಪ್ ಸುತ್ತಿದ್ರ ಮರಿನೇ ಕಾಣಂಗಿಲ್ಲ. ಬಜಾರದಾಗ ಎಲ್ಯಾರ ತೂಗಿಸ್ಕೊಂಡು ಬರ್ರಿ. ಜಲ್ದಿ ಬರ್ರಿ ಮತ್ತ, ಇನ್ನೊಂದು ತಾಸಿನಾಗ ಕಾಳಗಿ ಕಡೆ ಹೋಗಬೇಕು ನಾ.”

ಔಷಧ ಇದೆ, ಡಾಕ್ಟರಿದ್ದಾರೆ, ಖರ್ಚಿಲ್ಲ, ತಕ್ಕಡಿ ಇಲ್ಲ! ಬಿಸಿಲಲ್ಲಿ ಬಜಾರದ ಕಡೆ ನಡೆಯುತ್ತ ನಾನು ಯಾರ್ಯಾರನ್ನು ಬೈದೆನೋ ಬರೆಯುವುದಿಲ್ಲ. ಔಷಧದ ಅಂಗಡಿಯಲ್ಲಿ ಮನುಷ್ಯರು ಹತ್ತಿ ನಿಲ್ಲುವ ತೂಕದ ಯಂತ್ರವಿತ್ತು. ಮರಿಯನ್ನು ಇಟ್ಟರೆ ಮುಳ್ಳು ಅಲುಗಲೂ ಇಲ್ಲ. ಆ ಯಂತ್ರದ ಪ್ರಕಾರ ಅದು ಇರಲೇ ಇಲ್ಲ. ಅಕ್ಕಸಾಲಿಗರ ಅಂಗಡಿ ತೆರೆದಿರಲಿಲ್ಲ. ಉಳಿದದ್ದು ಚನ್ನಬಸಪ್ಪ ಸಾವ್ಕಾರರ ಕಿರಾಣಿ ಅಂಗಡಿ. ಆಗ ತಾನೇ ಬಾಗಿಲು ತೆಗೆದು, ನೀರು ಚಿಮುಕಿಸಿ, ತಕ್ಕಡಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದ್ದರು. ಎಲೆಕ್ಟ್ರಾನಿಕ್ ತಕ್ಕಡಿಯಾದರೇನು, ಅದಕ್ಕೂ ಮೂರು ಬೆರಳ ವಿಭೂತಿ ತಪ್ಪಿಲ್ಲ.

“ಸಾವ್ಕಾರ್ರೇ, ಇದನ್ನೊಂದು ಸ್ವಲ್ಪ ತೂಗಿಕೊಡ್ರಿ.”

ಅವರು ಚೀಲದೊಳಗೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

“ಅಕ್ಕೋರೇ! ಇನ್ನಾ ಬೋಣಿ ಆಗಿಲ್ಲರಿ. ಮುಂಜಮುಂಜಾನಿ ಬೆಕ್ಕು ತಂದು ತಕ್ಕಡಿ ಮ್ಯಾಲ ಕುಂಡ್ರಸು ಅಂತೀರಲ್ಲ!”

ದಿನದ ಮೊದಲ ವ್ಯಾಪಾರಕ್ಕೆ ಈ ಬಜಾರದಲ್ಲಿ ಇರುವ ಮರ್ಯಾದೆ ಗೊತ್ತಿದ್ದವಳೇ ನಾನು. ಬೋಣಿಯ ಹೊತ್ತಿಗೆ ಉದ್ರಿ ಸಾಲ ಕೇಳಬಾರದು, ಚೌಕಾಸಿ ಮಾಡಬಾರದು, ಬಂದವರು ಬರಿಗೈಯಲ್ಲಿ ಹೋಗಬಾರದು. “ಸರಿ, ಮೊದಲು ಬೇಳೆ ಕೊಡ್ರಿ, ಬೋಣಿ ಆಗಲಿ, ಆಮೇಲೆ ತೂಗ್ರಿ” ಎಂದೆ.

“ಹಂಗೂ ಆಗಂಗಿಲ್ಲ. ನಮ್ಮಪ್ಪನ ಕಾಲದಿಂದ ಈ ಅಂಗಡ್ಯಾಗ ತಕ್ಕಡಿ ಏರಿದ್ದು ಮಾರಾಟ ಆಗದ ಇಳಿದಿಲ್ಲ.” ಬಗ್ಗಿ ಮರಿಯನ್ನು ನೋಡಿದರು. ಅದು ಬಾಯಿ ತೆರೆಯಿತು, ಶಬ್ದ ಬರಲಿಲ್ಲ. “ಒಂದು ಕೆಲಸ ಮಾಡ್ರಿ. ಇದನ್ನ ನನಗ ಕೊಟ್ಟುಬಿಡ್ರಿ. ನಾ ತೂಗಿ ನಿಮಗ ಮಾರ್ತೀನಿ. ನಂದು ಬೋಣಿ ಆಗ್ತದ, ಮರಿನೂ ಉಳೀತದ.”

“ಇದೇನು ಸಾವ್ಕಾರ್ರೇ, ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ?”

“ನಿಮ್ದಲ್ಲ?” ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮತ್ತ ಬಿಸಲಾಗ ಇದರ ಸಂಬಂಧ ನೀವ್ಯಾಕ ತಿರಗಾಕತ್ತೀರಿ?”

ಆಗ ಅವರು ಏನು ಮಾಡಲು ಹೊರಟಿದ್ದಾರೆಂದು ಹೊಳೆಯಿತು. ನಮ್ಮ ಕಡೆ ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ಹೋಗುತ್ತಿದ್ದರೆ, ಹೊಸ ಕೂಸನ್ನು ಹೀಗೆಯೇ ಕೊಂಡುಕೊಳ್ಳುತ್ತಿದ್ದರು. ಮೊರದಲ್ಲಿ ಮಲಗಿಸಿ ನೆರೆಯವಳಿಗೆ ಕೊಟ್ಟುಬಿಡುವುದು, ಮತ್ತೆ ಒಂದು ಬೊಗಸೆ ಜೋಳ ಕೊಟ್ಟು ಅವಳಿಂದ ಕೊಳ್ಳುವುದು. ಕೆಲವರು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಣ್ಣ ಎಂದು ಹೆಸರಿಡುತ್ತಿದ್ದರು. ಹಡೆದದ್ದನ್ನು ಸಾವು ಕಸಿಯಬಹುದು, ಕೊಂಡದ್ದನ್ನು ಕಸಿಯಲು ಅದಕ್ಕೂ ನಾಚಿಕೆಯಾಗುತ್ತದೆ ಎಂಬ ಲೆಕ್ಕವಿರಬೇಕು. ಐನಾಪುರದ ನಮ್ಮ ಮಾಮಾನ ಹೆಸರೂ ತಿಪ್ಪಣ್ಣನೇ. “ನಾ ಒಂದು ಬೊಗಸಿ ಜ್ವಾಳದ ಮಾಲು” ಎಂದು ಅವನು ಮೀಸೆ ತಿರುವುತ್ತಿದ್ದ. ಹಾಗೆಂದು ನನಗೆ ನೆನಪು. ಮಾಮಾನಿಗೆ ಮೀಸೆಯೇ ಇರಲಿಲ್ಲ ಎನ್ನುತ್ತಾಳೆ ಅಕ್ಕ.

ತರಗತಿಯಲ್ಲಿ ಇದನ್ನೆಲ್ಲ ಮೂಢನಂಬಿಕೆ ಎಂಬ ಶೀರ್ಷಿಕೆಯಡಿ ಪಾಠ ಮಾಡಿದವಳು ನಾನು. ಆದರೆ ಕಾಳಗಿಗೆ ಹೊರಡುವ ಡಾಕ್ಟರು ನನ್ನ ಪಾಠ ಮುಗಿಯುವವರೆಗೆ ಕಾಯುವುದಿಲ್ಲ. ಟವೆಲಿನ ಸಮೇತ ಮರಿಯನ್ನು ಎರಡೂ ಕೈಯಲ್ಲಿ ಸಾವ್ಕಾರರಿಗೆ ಕೊಟ್ಟೆ. ಕೈಗಳು ಖಾಲಿಯಾದ ಆ ಕ್ಷಣ ನನಗೆ ಯಾಕೋ ಚೆನ್ನಾಗಿರಲಿಲ್ಲ. ಅವರು ಟವೆಲು ಬಿಡಿಸಿ, ಬೆಲ್ಲ ಇಡುವ ಹಾಗೆ ಮೆಲ್ಲಗೆ, ಮರಿಯನ್ನು ತಕ್ಕಡಿಯ ಮೇಲಿಟ್ಟರು. ಅದು ನಡುಗುತ್ತಿದ್ದುದರಿಂದ ಅಂಕಿಗಳೂ ನಡುಗುತ್ತಿದ್ದವು. ನಿಂತಾಗ ನೋಡಿದರೆ ಅರ್ಧ ಕಿಲೋ ಬೇಳೆಗೂ ಕಡಿಮೆ. ಅಂಕಿಯನ್ನು ಚೀಟಿಯ ಮೇಲೆ ಬರೆದುಕೊಟ್ಟು, “ಒಂದು ರೂಪಾಯಿ ಕೊಡ್ರಿ, ಒಯ್ರಿ. ಇನ್ನ ಇದು ಖರೀದಿ ಮಾಲು, ಎಲ್ಲಿಗೂ ಹೋಗಂಗಿಲ್ಲ” ಎಂದರು.

ಪರ್ಸಿನಲ್ಲಿ ಚಿಲ್ಲರೆ ಇರಲಿಲ್ಲ. ಫೋನಿನಿಂದ ಕಳಿಸಿದೆ. ಅಂಗಡಿಯ ಕಟ್ಟೆಯ ಮೇಲಿನ ಡಬ್ಬಿ ಇಡೀ ಬಜಾರಕ್ಕೆ ಕೇಳುವಂತೆ ಕೂಗಿತು: “ಒಂದು ರೂಪಾಯಿ ಸ್ವೀಕರಿಸಲಾಗಿದೆ!” ಎದುರಿನ ಹೋಟೆಲಿನವರು ತಿರುಗಿ ನೋಡಿದರು. ಸಾವ್ಕಾರರು ಅವರಿಗೆ ಅಷ್ಟೇ ಗಟ್ಟಿಯಾಗಿ ವರದಿ ಕೊಟ್ಟರು, “ಏನಿಲ್ಲ, ಅಕ್ಕೋರು ಬೆಕ್ಕು ಖರೀದಿ ಮಾಡಿದ್ರು!”

ಡಾಕ್ಟರು ಬೈಕ್ ಹತ್ತುವುದರಲ್ಲಿದ್ದರು. ಚೀಟಿ ನೋಡಿ, ಇಳಿದು, ಔಷಧವನ್ನು ಅಳೆದು ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಗೆ ಹನಿಸಿದರು. ಕಣ್ಣಿಗೆ ಬಿಡುವ ಕ್ರಮ ಹೇಳಿದರು, ಎಮ್ಮೆ ಹಾಲು ಬೇಡವೆಂದರು, ಬೆಚ್ಚಗಿಡಿ ಎಂದರು. ಆಮೇಲೆ ಪೆನ್ನು ತೆಗೆದರು.

“ಮಾಲಕರ ಹೆಸರು ಖಾಲಿ ಬಿಟ್ಟೀನ್ರಿ. ಏನ್ ಬರೀಲಿ?”

ನನ್ನ ಹೆಸರು ಹೇಳಿದೆ. ಸುಲಭವಾಗಿ ಬಂತು ಎನ್ನಲಾರೆ. ರಸೀದಿಯಿಲ್ಲದಿದ್ದರೂ ಇಡೀ ಬಜಾರೇ ಸಾಕ್ಷಿಯಿದ್ದ ವ್ಯವಹಾರ, ನಿರಾಕರಿಸುವುದು ಹೇಗೆ?

ಬಲಗಣ್ಣು ಬೇಗ ತೆರೆಯಿತು. ಎಡಗಣ್ಣು ಬಹಳ ಸತಾಯಿಸಿ, ಕಡೆಗೆ ತೆರೆಯಿತು; ಅದರ ಮೂಲೆಯಲ್ಲಿ ಒಂದು ಸಣ್ಣ ಮಸುಕು ಉಳಿದಿದ್ದರೂ ಆ ಕಣ್ಣಿಗೆ ಕಾಣುತ್ತದೆ. ಈಗ ಅದು ಗುಂಡಮ್ಮನ ಗೋಡೆಯ ಮೇಲೆ ಕೂತು ಅವಳ ಮೊಸರಿನ ಗಡಿಗೆಯ ಮೇಲೆ ಎರಡೂ ಕಣ್ಣಿಡುತ್ತದೆ. ಕರುಣೆಗೆ ಒಂದು ರೂಪಾಯಿ ದುಬಾರಿಯೇನಲ್ಲ. ಆದರೆ ನನಗೆ ಅರ್ಥವಾಗದ್ದು, ನೂರು ಮಂದಿ “ಯಾರದು?” ಎಂದು ಕೇಳುವ ಊರಿನಲ್ಲಿ ಒಬ್ಬರಾದರೂ “ಏನಾಗಿದೆ?” ಎಂದು ಮೊದಲು ಕೇಳುವುದಿಲ್ಲವಲ್ಲ ಎಂಬುದು. ಬಹುಶಃ ಎರಡನೆಯ ಪ್ರಶ್ನೆ ಕೇಳಿದವರ ಮೇಲೆ ಮೊದಲನೆಯದರ ಉತ್ತರ ಬಂದು ಬೀಳುತ್ತದೆಂದು ಎಲ್ಲರಿಗೂ ಗೊತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸಾವ್ಕಾರರ ಡಬ್ಬಿಯ ಕೂಗು ಪಕ್ಕದೂರು ವಾಡಿಯವರೆಗೂ ಕೇಳಿಸಿತೋ ಏನೋ, ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಗೇಟಿನ ಒಳಗೆ ಒಂದು ಗೋಣಿಚೀಲ. ಚೀಲ ಅಲುಗುತ್ತಿತ್ತು. ಬಾಯಿ ಬಿಚ್ಚಿದೆ. ಮೂರು ಮರಿಗಳು, ಮೂರಕ್ಕೂ ಕಣ್ಣು ಅಂಟಿಕೊಂಡಿವೆ.

ನನಗೆ ಬಂದ ಸಿಟ್ಟು ಹೇಳತೀರದು. ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿದೆ, “ಯಾರ್ದರೀ ಇವು?”

ಗೋಡೆಯಾಚೆಯಿಂದ ಗುಂಡಮ್ಮನ ತಲೆ ಮೂಡಿತು. “ಹಂಗ್ಯಾಕ ಒದರ್ತಿ ನನ್ನವ್ವಾ? ನಿನ್ವೇ ಇರಬೇಕು ನೋಡು.”

ಹಳೆಯ ಟವೆಲು ಹುಡುಕಿ, ಚೀಲವನ್ನು ಎದೆಗೊತ್ತಿಕೊಂಡು ಬೇಗಬೇಗನೆ ಬಜಾರದ ಕಡೆ ಹೊರಟೆ. ಸಾವ್ಕಾರರ ಬೋಣಿ ಬೇರೆ ಯಾರಿಂದಲೋ ಆಗಿಬಿಟ್ಟರೆ ಕಷ್ಟ.