ತಿರುವಿನಲ್ಲಿ ಟ್ರಾಲಿಯ ವೇಗ

1946ರ ಬೇಸಿಗೆಯಲ್ಲಿ ನಾನು ಗಂಗಾವತಿ ಕಡೆಯ ಒಂದು ಕಲ್ಲಿನ ಕ್ವಾರಿಯಲ್ಲಿ ಓವರ್‌ಸಿಯರ್ ಆಗಿದ್ದೆ. ಗುಡ್ಡದ ಮೇಲಿನ ಕಲ್ಲನ್ನು ಇಳಿಸಲು ನಾನೂರು ಅಡಿ ಉದ್ದದ ಟ್ರಾಲಿ ಹಳಿ ಹಾಕಿಸಿದ್ದೆವು. ಮೇಲ್ಗಡೆ ಇಳಿಜಾರು ಕಡಿದಾಗಿತ್ತು, ಬರಬರುತ್ತ ಸಪಾಟಾಗುತ್ತಿತ್ತು. ನಟ್ಟನಡುವೆ ಒಂದು ತಿರುವು. ಅದರ ಪಕ್ಕದ ತಗ್ಗಿನಲ್ಲಿ ಹೆಂಗಸರು ಕೂತು ಜಲ್ಲಿ ಒಡೆಯುತ್ತಿದ್ದರು.

ನಮ್ಮ ಇಂಜಿನಿಯರರು ಇಡೀ ದಾರಿಗೆ ಸರಾಸರಿ ಇಳಿಜಾರು ಹಿಡಿದು ಲೆಕ್ಕ ಹಾಕಿದ್ದರು. ತಿರುವಿನಲ್ಲಿ ವೇಗ ಸೆಕೆಂಡಿಗೆ ಎಂಟು ಅಡಿ, ಕೆಳತುದಿಯಲ್ಲಿ ಹನ್ನೊಂದು. ಇಷ್ಟಕ್ಕೆ ಬ್ರೇಕ್ ಹಿಡಿಯುವ ಆಳು ಬೇಡ, ಸೋಮವಾರದಿಂದ ತುಂಬಿದ ಟ್ರಾಲಿಗಳನ್ನು ಹಾಗೇ ಬಿಡಿ ಎಂದು ಹುಕುಂ ಆಯಿತು.

ಹಳಿ ಜೋಡಿಸಿದ ಮೇಸ್ತ್ರಿ ಮೌಲಾಸಾಬ್ ಒಪ್ಪಲಿಲ್ಲ. ಸಾಲೆಯ ಮುಖ ಕಂಡವನಲ್ಲ, ಮಾತೂ ಕಡಿಮೆ. "ನೌಕರಿ ಹೋದ್ರ ಹೋಗ್ಲಿರಿ ಸಾಹೇಬ್ರ, ನಾ ಅಂತೂ ಬಿಡೂದಿಲ್ಲ. ನೀವ ಒಮ್ಮೆ ಕುಂತು ನೋಡ್ರಿ" ಎಂದ.

ಖಾಲಿ ಟ್ರಾಲಿಯಲ್ಲಿ ಅವನ ಪಕ್ಕ ಕೂತೆ. "ಕಣ್ಣು ಮುಚ್ಚಿ ಹಳಿ ಸಂದಿನ ಸಪ್ಪಳ ಕೇಳ್ರಿ" ಎಂದ. ಹಳಿಯ ತುಂಡುಗಳೆಲ್ಲ ಒಂದೇ ಅಳತೆಯವು. ಟಕ್ ಟಕ್ ಸದ್ದು ತಿರುವಿನ ಹತ್ತಿರ ಒಂದರ ಮೇಲೊಂದು ಬಿದ್ದಂತೆ ಬಂತು, ಒಂದು ಗಾಲಿ ಹಳಿ ಬಿಟ್ಟು ಎದ್ದಿತು. ಆಮೇಲೆ ಸದ್ದು ನಿಧಾನವಾಗುತ್ತ ಹೋಯಿತು.

ಆ ದಿನವೇ ನಾವಿಬ್ಬರೂ ಇಪ್ಪತ್ತು ಅಡಿಗೊಮ್ಮೆ ಇಳಿಜಾರು ಅಳೆದೆವು. ಇಳಿಜಾರು ಬದಲಾದಂತೆ ವೇಗ ಏರುವ ದರ, ಅಂದರೆ ವೇಗೋತ್ಕರ್ಷವೂ ಬದಲಾಗುತ್ತದೆ. ಇಂಥಲ್ಲಿ ಒಂದೇ ಸರಾಸರಿ ನಡೆಯದು. ಪ್ರತಿ ತುಣುಕಿನ ವೇಗೋತ್ಕರ್ಷವನ್ನು ಅದರ ಉದ್ದದಿಂದ ಗುಣಿಸಿ, ಮೇಲಿನಿಂದ ಕೂಡುತ್ತ ಬರಬೇಕು; ಕೆಳಗಿನ ಸಪಾಟಿನಲ್ಲಿ ಗಾಲಿಯ ತಿಕ್ಕಾಟ ವೇಗವನ್ನು ಇಳಿಸುವುದರಿಂದ ಅಲ್ಲಿ ಕಳೆಯಬೇಕು. ಆ ಮೊತ್ತದ ಎರಡರಷ್ಟು ವೇಗದ ವರ್ಗವಾಗುತ್ತದೆ. ತುದಿಯ ವೇಗ ಇಂಜಿನಿಯರರು ಹೇಳಿದಷ್ಟೇ ಬಂತು, ಹನ್ನೊಂದು. ತಿರುವಿನಲ್ಲಿ ಮಾತ್ರ ಎಂಟಲ್ಲ, ಹದಿನಾರು!

ಇಂಜಿನಿಯರರು ನನ್ನ ಲೆಕ್ಕದ ಕಾಗದವನ್ನು ಎರಡು ಸಲ ಓದಿ, ಹೆಂಗಸರನ್ನು ದೂರ ಕಳಿಸಿ ತುಂಬಿದ ಟ್ರಾಲಿಯೊಂದನ್ನು ಬಿಡಿಸಿದರು. ಅದು ತಿರುವಿನಲ್ಲಿ ಹಳಿ ಬಿಟ್ಟು ಹಾರಿತು. ಜಲ್ಲಿ ಒಡೆಯುವ ಜಾಗದ ತುಂಬ ಕಲ್ಲುಗಳು ಉರುಳಿದವು.

"ಈ ಲೆಕ್ಕ ನಿಮ್ಮದೇ?" ಎಂದು ಇಂಜಿನಿಯರರು ನನ್ನನ್ನು ಕೇಳಿದರು.

"ಬರೆದದ್ದಷ್ಟೇ ನಾನು. ಕಂಡುಹಿಡಿದವನು ಮೌಲಾಸಾಬ್" ಎಂದೆ.

ಅವರು ದೊಡ್ಡ ಮನುಷ್ಯರು. ಎಲ್ಲರ ಎದುರಿಗೇ ಮೇಸ್ತ್ರಿಯ ಬಳಿ ಹೋಗಿ, "ತಪ್ಪು ನನ್ನದು" ಎಂದರು. ಮೌಲಾಸಾಬ್ ನಾಚಿಕೊಂಡು, "ಇರಲಿ ಬಿಡ್ರಿ, ಈಗ ಹಳಿ ನೆಟ್ಟಗ ಮಾಡೂಣು" ಎಂದು ಹಾರೆ ಎತ್ತಿಕೊಂಡ.

ತಿರುವನ್ನು ತೆಗೆಸಿದೆವು, ಬ್ರೇಕಿಗೂ ಆಳು ಇಟ್ಟೆವು. ಮುಂದೆ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಇಳಿಜಾರುಗಳಿಗೆ ಲೆಕ್ಕ ಹಾಕಿದೆ. ಆ ಜಾಗದಲ್ಲಿ ದಿನವೂ ದುಡಿಯುವವರನ್ನು ಮೊದಲು ಕೇಳದೆ ಒಂದಕ್ಕೂ ಸಹಿ ಮಾಡಲಿಲ್ಲ.